ಬ್ಯಾಟರಿ ಯಾವ ಖರ್ಚಿನ ಹೆಡ್‌ಗೆ ಬರುತ್ತೆ? ಹೊಳಲ್ಕೆರೆ ಸೀಮೆಯ ಒಂದು ಕಂಪ್ಯೂಟರ್ ಲ್ಯಾಬ್‌ನ ಪ್ರಕರಣ

ಪ್ರಕರಣ ಇಷ್ಟು. ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತು ಕಂಪ್ಯೂಟರ್‌ಗಳ ಲ್ಯಾಬ್ ಇತ್ತು. ಕರೆಂಟ್ ಹೋದಾಗ ಕಂಪ್ಯೂಟರ್ ನಡೆಸುವ ಯುಪಿಎಸ್‌ನ ನಾಲ್ಕು ಬ್ಯಾಟರಿ ಕೆಟ್ಟವು ಅಂತ ಅದಕ್ಕೆ ವರ್ಷಗಟ್ಟಲೆ ಬೀಗ ಬಿತ್ತು. ಬೀಗ ಇನ್ನೂ ಇರುವಾಗಲೇ ಅದೇ ಶಾಲೆಗೆ ಒಂದು ದೊಡ್ಡ ಸ್ಮಾರ್ಟ್ ಬೋರ್ಡ್ (ಟಿವಿಯಂಥ ಪರದೆಯ ಬೋರ್ಡ್) ಕೊಡುತ್ತೇವೆ ಎಂಬ ಪತ್ರ ಬಂತು. ಬೋರ್ಡಿನ ಬೆಲೆ ಬ್ಯಾಟರಿಗಳ ಬೆಲೆಗಿಂತ ಎಷ್ಟೋ ಜಾಸ್ತಿ. ಬೋರ್ಡಿಗೆ ದುಡ್ಡಿದೆ, ಬ್ಯಾಟರಿಗೆ ಇಲ್ಲ. ಆಗ ಆ ಶಾಲೆಯವರು ಏನು ಮಾಡಿದರು, ಯಾಕೆ ಹಾಗೆ ಮಾಡಬೇಕಾಯಿತು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ. ಶಾಲೆಗಳ ತಂತ್ರಜ್ಞಾನಕ್ಕೆ ಸರ್ಕಾರದ ದುಡ್ಡು ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಈ ಒಂದು ಕೊಠಡಿಯಲ್ಲೇ ಕಾಣುತ್ತದೆ.

ಶಾಲೆ ಇರುವುದು ಚಿತ್ರದುರ್ಗ ಜಿಲ್ಲೆಯಲ್ಲಿ, ಹೊಳಲ್ಕೆರೆ ಕಡೆ, ಭೀಮಸಮುದ್ರದಿಂದ ಬಹಳ ದೂರ ಇಲ್ಲದ ಒಂದು ಊರಲ್ಲಿ. ಹೆಸರು ಹಾಕುವುದಿಲ್ಲ. ಅಲ್ಲಿಯ ಶಿಕ್ಷಕರು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ, ಅವರಿಗೆ ತೊಂದರೆ ಆಗಬಾರದು. ಎಂಟರಿಂದ ಹತ್ತರವರೆಗೆ ನೂರೈವತ್ತರ ಆಸುಪಾಸು ಮಕ್ಕಳು. ಅಡಿಕೆ ತೋಟದವರ ಮಕ್ಕಳೂ ಇದ್ದಾರೆ, ಗಣಿ ಲಾರಿಯಲ್ಲಿ ಕ್ಲೀನರ್ ಆಗಿರುವವರ ಮಕ್ಕಳೂ ಇದ್ದಾರೆ. ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಕಡತ ಓದಿ ಪತ್ರ ಬರೆದುಕೊಡಿ ಅಂತ ಎಸ್‌ಡಿಎಂಸಿಯವರು, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯವರು, ಕರೆದಿದ್ದರು. ಹೀಗಾಗಿ ಸಭೆಗಳಲ್ಲಿ ಕೂತಿದ್ದೆ, ರಿಜಿಸ್ಟರ್‌ಗಳನ್ನೂ ನೋಡಿದೆ.

ಲ್ಯಾಬ್ ಬಂದ ಬಗೆ

ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಗೆ ಕಂಪ್ಯೂಟರ್ ಕೊಡುವ ಕೆಲಸ ಹೊಸದಲ್ಲ. ಈ ಶತಮಾನದ ಶುರುವಿನಲ್ಲೇ ಮಾಹಿತಿ ಸಿಂಧು ಯೋಜನೆ ಬಂದಿತ್ತು. 2004ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಅಟ್ ಸ್ಕೂಲ್ಸ್ ಯೋಜನೆ ತಂದಿತು, 2010ರಲ್ಲಿ ಅದನ್ನು ತಿದ್ದಿತು. ನಮ್ಮ ಈ ಶಾಲೆಗೆ ಲ್ಯಾಬ್ ಬಂದದ್ದು ಆ ಯೋಜನೆಯ ಮುಂದಿನ ಹಂತವೊಂದರಲ್ಲಿ, ಬೂಟ್ ಪದ್ಧತಿಯಲ್ಲಿ. ಅಂದರೆ ಗುತ್ತಿಗೆ ಹಿಡಿದ ಕಂಪನಿಯೇ ಕಂಪ್ಯೂಟರ್ ತಂದು ಕೂರಿಸಬೇಕು, ಯುಪಿಎಸ್ ಕೊಡಬೇಕು, ಪಾಠ ಹೇಳಲು ಒಬ್ಬರನ್ನು ನೇಮಿಸಬೇಕು, ರಿಪೇರಿ ನೋಡಿಕೊಳ್ಳಬೇಕು. ಐದು ವರ್ಷ ಆದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗಬೇಕು.

ಆ ಐದು ವರ್ಷ ಲ್ಯಾಬ್ ಚೆನ್ನಾಗಿಯೇ ನಡೆಯಿತು. ಇದನ್ನು ಒತ್ತಿ ಹೇಳಬೇಕು. ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಅಂದರೆ ಬರೀ ದೂಳು ತಿನ್ನುವ ಸಾಮಾನು ಅಂತ ಮಾತಾಡುವವರು ಜಾಸ್ತಿ. ಇಲ್ಲಿ ಹಾಗಿರಲಿಲ್ಲ. ಕಂಪ್ಯೂಟರ್ ಮೇಡಂ ಅಂತ ಮಕ್ಕಳು ಕರೆಯುತ್ತಿದ್ದ ಹುಡುಗಿ ಪಕ್ಕದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ವಾರಕ್ಕೆ ಎರಡು ಪಿರಿಯಡ್ ಪ್ರತಿ ತರಗತಿಗೂ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಲಾಗ್ ಪುಸ್ತಕದಲ್ಲಿ ಆ ಕಾಲದ ಮಕ್ಕಳ ಸಹಿಗಳು ಈಗಲೂ ಇವೆ, ಪುಟಗಟ್ಟಲೆ.

ಐದು ವರ್ಷ ಮುಗಿಯಿತು. ಕಂಪನಿ ಪಟ್ಟಿ ಕೊಟ್ಟು ಸಹಿ ಮಾಡಿಸಿಕೊಂಡು ಹೋಯಿತು. ಮೇಡಂಗೂ ಅಂದಿಗೆ ಕೆಲಸ ಮುಗಿಯಿತು. ಕೀ ಹೆಡ್‌ಮೇಡಂ ಟೇಬಲ್ಲಿಗೆ ಬಂತು.

ಆಮೇಲೆ ಗಣಿತದ ಮೇಷ್ಟ್ರೊಬ್ಬರು ಲ್ಯಾಬ್ ನಡೆಸಿದರು. ಅವರು ಟಾಲ್ಪ್ ತರಬೇತಿಗೆ ಹೋಗಿ ಬಂದಿದ್ದರು. ತಂತ್ರಜ್ಞಾನ ಆಧಾರಿತ ಕಲಿಕೆ ಅಂತ ರಾಜ್ಯ ಸರ್ಕಾರ 2016-17ರಲ್ಲಿ ಶುರು ಮಾಡಿದ ಕಾರ್ಯಕ್ರಮ ಅದು. ಕಂಪ್ಯೂಟರ್ ಕಲಿಸಲು ಹೊರಗಿನವರು ಬೇಡ, ಪಾಠ ಮಾಡುವ ಶಿಕ್ಷಕರೇ ತಮ್ಮ ವಿಷಯಕ್ಕೆ ಅದನ್ನು ಬಳಸಲಿ ಎಂಬುದು ಅದರ ಯೋಚನೆ. ಒಳ್ಳೆಯ ಯೋಚನೆ, ನನಗೆ ಅದರಲ್ಲಿ ಅನುಮಾನವೇ ಇಲ್ಲ. ಆದರೆ ತರಬೇತಿ ಮುಗಿಸಿ ಬಂದ ಮೇಷ್ಟ್ರ ಕೈಗೆ ಸಿಕ್ಕಿದ್ದು ಐದು ವರ್ಷ ದಾಟಿದ ಬ್ಯಾಟರಿಗಳು. ಟ್ಯೂಬ್ಯುಲರ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೂ ಬಾಳುವುದು ಹೆಚ್ಚುಕಮ್ಮಿ ಅಷ್ಟೇ ದಿನ. ಮೊದಲು ಅರ್ಧ ಗಂಟೆ ನಿಲ್ಲುತ್ತಿತ್ತು, ಆಮೇಲೆ ಹತ್ತು ನಿಮಿಷ, ಕೊನೆಗೆ ಕರೆಂಟ್ ಹೋದ ಕ್ಷಣವೇ ಹತ್ತೂ ಮಾನಿಟರ್ ಒಟ್ಟಿಗೆ ಕಪ್ಪು. ಹಳ್ಳಿ ಕರೆಂಟು ಪಾಠದ ನಡುವೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ಹೇಳಬೇಕಾಗಿಲ್ಲ. ಹಾಗೆ ಆರಿ ಹತ್ತಿ ಎರಡು ಹಾರ್ಡ್‌ಡಿಸ್ಕ್ ಹೋದವು. ಉಳಿದವೂ ಹೋದರೆ ಉತ್ತರ ಕೊಡುವವರು ಯಾರು ಅಂತ ಮೇಷ್ಟ್ರು ಬಾಗಿಲು ಹಾಕಿದರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಯೇ ಮುಚ್ಚಿತು. ಹತ್ತನೇ ತರಗತಿ ಮತ್ತೆ ತೆರೆದದ್ದು 2021ರ ಜನವರಿ 1ಕ್ಕೆ. ಅಷ್ಟು ಹೊತ್ತಿಗೆ ಇಲಿಗಳು ವೈರು ಕಡಿದಿದ್ದವು. ಗಣಿತದ ಮೇಷ್ಟ್ರು ವರ್ಗವಾಗಿ ಹೋದರು.

ಆರನೇ ವರ್ಷದ ಲೆಕ್ಕ

ಕಂಪ್ಯೂಟರ್ ಕೊಂಡರೆ ಸಾಲದು, ನಡೆಸಲೂ ದುಡ್ಡು ಬೇಕು ಅಂತ ಯೋಜನೆ ಮಾಡುವವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿದೆ. 2018ರಿಂದ ಇಂಥ ಹಳೆಯ ಯೋಜನೆಗಳು ಸಮಗ್ರ ಶಿಕ್ಷಣ ಅನ್ನುವ ಒಂದೇ ಯೋಜನೆಯೊಳಗೆ ಸೇರಿದವು. ಅದರ ನಿಯಮದ ಪ್ರಕಾರ ಒಂದು ಐಸಿಟಿ ಲ್ಯಾಬ್‌ಗೆ ಒಂದೇ ಸಲ ಕೊಡುವ ಮೊತ್ತ 6.40 ಲಕ್ಷ ರೂಪಾಯಿವರೆಗೆ. ನಡೆಸುವ ಖರ್ಚಿಗೆ ವರ್ಷಕ್ಕೆ 2.40 ಲಕ್ಷದವರೆಗೆ, ಐದು ವರ್ಷ. ಕಲಿಸುವವರ ಸಂಬಳ, ಕರೆಂಟು, ಇಂಟರ್‌ನೆಟ್, ಪಾಠದ ಸಾಮಗ್ರಿ ಎಲ್ಲ ಅದರಲ್ಲೇ. ಕೂಡಿ ನೋಡಿ. ಕೊಳ್ಳಲು 6.40, ಐದು ವರ್ಷ ನಡೆಸಲು 12 ಲಕ್ಷ. ನಡೆಸುವುದಕ್ಕೆ ಕೊಳ್ಳುವುದರ ಎರಡರಷ್ಟು ಬೇಕು ಅಂತ ಸರ್ಕಾರದ ಕಾಗದವೇ ಒಪ್ಪುತ್ತದೆ.

ಆದರೆ ಆರನೇ ವರ್ಷಕ್ಕೆ ಆ 2.40 ಲಕ್ಷದ ಜಾಗದಲ್ಲಿ ಏನೂ ಇಲ್ಲ. ಯಂತ್ರ ಕೂತಲ್ಲೇ ಇರುತ್ತದೆ, ಮಕ್ಕಳು ಪ್ರತಿವರ್ಷ ಹೊಸಬರು ಬರುತ್ತಾರೆ. ಬ್ಯಾಟರಿಗಳು ಸರಿಯಾಗಿ ಅದೇ ಹೊತ್ತಿಗೆ ಕೈ ಕೊಡುತ್ತವೆ.

ಆಗ ಶಾಲೆಗೆ ಉಳಿಯುವುದು ಸಂಯುಕ್ತ ಶಾಲಾ ಅನುದಾನ ಒಂದೇ. ಮಕ್ಕಳ ಸಂಖ್ಯೆ 101ರಿಂದ 250ರ ಒಳಗಿದ್ದರೆ ವರ್ಷಕ್ಕೆ 50,000 ರೂಪಾಯಿವರೆಗೆ. ಅದರಲ್ಲಿ ಶೇ. 10ಕ್ಕೆ ಕಮ್ಮಿ ಇಲ್ಲದಂತೆ ಸ್ವಚ್ಛತೆಗೆ ಇಡಲೇಬೇಕು. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರ್, ನಲ್ಲಿ ರಿಪೇರಿ, ಪ್ರಯೋಗಾಲಯದ ಸಾಮಾನು, ಸುಣ್ಣಬಣ್ಣ. ಒಂದು ಒಳ್ಳೆಯ ಬ್ಯಾಟರಿಗೆ ಆಗ ಹದಿನೈದು ಸಾವಿರದ ಆಸುಪಾಸು ಹೇಳುತ್ತಿದ್ದರು. ನಾಲ್ಕಕ್ಕೆ ಅರವತ್ತು ಸಾವಿರ. ಇಡೀ ಶಾಲೆಯ ಒಂದು ವರ್ಷದ ಅನುದಾನ ಪೂರ್ತಿ ಸುರಿದರೂ ಸಾಲದು. ಕರೆಂಟ್ ಬಿಲ್ಲೂ ಮೊದಲು ಇದರಲ್ಲೇ ಹೋಗುತ್ತಿತ್ತು. ಸರ್ಕಾರಿ ಶಾಲಾ ಕಾಲೇಜುಗಳಿಗೆ ವಿದ್ಯುತ್, ನೀರು ಉಚಿತ ಅಂತ 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ದು ನಿಜಕ್ಕೂ ದೊಡ್ಡ ಸಹಾಯ. ಆದರೆ ಉಚಿತ ಕರೆಂಟು ಬಳಸಲು ಲ್ಯಾಬ್ ನಡೆಯುತ್ತಿರಬೇಕಲ್ವಾ?

ಕಾಗದದ ಮೇಲೆ ಹತ್ತೂ ಚಾಲೂ

ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಬೇಸರ ತಂದದ್ದು ಬ್ಯಾಟರಿಯಲ್ಲ, ಯುಡೈಸ್ ಫಾರಂ.

ಪ್ರತಿವರ್ಷ ಶಾಲೆಯ ಎಲ್ಲ ವಿವರ ಯುಡೈಸ್ ಅನ್ನುವ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಲ್ಲಿ ತುಂಬಬೇಕು. ಎಷ್ಟು ಕಂಪ್ಯೂಟರ್ ಇವೆ ಅಂತ ಒಂದು ಕಡೆ, ಎಷ್ಟು ನಡೆಯುತ್ತಿವೆ ಅಂತ ಇನ್ನೊಂದು ಕಡೆ ಬರೆಯಬೇಕು. ಈ ಶಾಲೆಯ ಹಳೆಯ ಫಾರಂ ತೆಗೆದು ನೋಡಿದರೆ, ಬೀಗ ಹಾಕಿದ ವರ್ಷಗಳಲ್ಲೂ ಇರುವುದು ಹತ್ತು, ನಡೆಯುತ್ತಿರುವುದು ಹತ್ತು. ಯಾಕೆ ಹೀಗೆ ಅಂತ ಕೇಳಿದೆ. ಆಫೀಸಿನಲ್ಲಿ ಕೂತಿದ್ದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು) ನೇರವಾಗಿ ಹೇಳಿದರು: “ಸಾರ್, ಕೆಟ್ಟಿದೆ ಅಂತ ಬರೆದ್ರೆ ಯಾಕೆ ಕೆಟ್ಟಿತು, ಯಾರ ಕಾಲದಲ್ಲಿ ಕೆಟ್ಟಿತು ಅಂತ ಪತ್ರ ಬರುತ್ತೆ. ಸರಿ ಮಾಡಿಸಿ ಅಂತ ದುಡ್ಡು ಬರಲ್ಲ.”

ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ನಿಜ ಬರೆದರೆ ವಿವರಣೆ ಕೇಳುತ್ತಾರೆ, ಸುಳ್ಳು ಬರೆದರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ವರ್ಷದ ಕೊನೆಯಲ್ಲಿ ಆ ಫಾರಂ ಮುಂದೆ ಕೂತವರು ಏನು ಬರೆಯುತ್ತಾರೆ ಅಂತ ಯಾರಾದರೂ ಊಹಿಸಬಹುದು. ಇದರ ಫಲ ಮಾತ್ರ ಮಕ್ಕಳ ಮೇಲೆ ಬಿತ್ತು. ಹೊಸ ಲ್ಯಾಬ್ ಯಾವ ಶಾಲೆಗೆ ಬೇಕು ಅಂತ ಮೇಲೆ ಕೂತು ಪಟ್ಟಿ ಮಾಡುವವರ ಕಣ್ಣಿಗೆ ಇದು ಹತ್ತು ಕಂಪ್ಯೂಟರ್ ಚಾಲೂ ಇರುವ ಶಾಲೆ. ಪಟ್ಟಿಯಲ್ಲಿ ಇದರ ಹೆಸರು ಬರಲೇ ಇಲ್ಲ.

ದಾಸ್ತಾನು ವಹಿಯದ್ದೂ ಇಂಥದೇ ಕಥೆ. ಪ್ರತಿ ಸಿಪಿಯು ಮೇಲೆ ಬಿಳಿ ಪೇಂಟ್‌ನಲ್ಲಿ ನಂಬರ್ ಬರೆದಿದೆ, ವಹಿಯಲ್ಲಿ ಅದೇ ನಂಬರ್ ಇದೆ. ಒಂದರ ರ್‍ಯಾಮ್ ತೆಗೆದು ಇನ್ನೊಂದಕ್ಕೆ ಹಾಕಿದರೆ ಎರಡರಲ್ಲಿ ಒಂದಾದರೂ ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಆಡಿಟ್‌ನವರು ಬಂದು ಆ ಇನ್ನೊಂದರ ಒಳಗೆ ಏನಾಯ್ತು ಅಂತ ಕೇಳಿದರೆ? ರೈಟ್ ಆಫ್ ಮಾಡುವ, ಅಂದರೆ ಕೆಟ್ಟದ್ದನ್ನು ದಾಸ್ತಾನು ಲೆಕ್ಕದಿಂದ ತೆಗೆದುಹಾಕುವ ಅಧಿಕಾರ ಶಾಲೆಗಿಲ್ಲ. ಅದಕ್ಕೆ ಮೇಲಿನ ಒಪ್ಪಿಗೆ ಬೇಕು, ಒಪ್ಪಿಗೆಗೆ ತಾಂತ್ರಿಕ ವರದಿ ಬೇಕು, ವರದಿ ಕೊಡುವವರು ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಹೀಗೆ ಕೆಟ್ಟದ್ದನ್ನು ಕಾಯುತ್ತಾ ಒಳ್ಳೆಯದೂ ಕೆಟ್ಟಿತು.

ಗಣಿ ದುಡ್ಡು, ಗಣಿ ದೂಳು

ಸ್ಮಾರ್ಟ್ ಬೋರ್ಡ್ ಬರುತ್ತದೆ ಅಂತ ಪತ್ರ ಬಂದದ್ದು ಖನಿಜ ನಿಧಿಯಿಂದ. ಅದರ ಹಿನ್ನೆಲೆ ಸ್ವಲ್ಪ ಹೇಳಬೇಕು. ಚಿತ್ರದುರ್ಗ, ಬಳ್ಳಾರಿ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಳನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ನೆನಪಿರಬಹುದು. ಆಮೇಲೆ ಒಂದೊಂದಾಗಿ ಮತ್ತೆ ಶುರುವಾದವು. 2015ರಲ್ಲಿ ಕೇಂದ್ರದ ಗಣಿ ಕಾಯ್ದೆಗೆ ತಿದ್ದುಪಡಿ ಬಂದು ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಅದಕ್ಕೂ ಮೊದಲು ಗುತ್ತಿಗೆ ಸಿಕ್ಕಿದ ಗಣಿಯವರು ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ರಾಯಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಈ ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆ ಆ ದುಡ್ಡು ಹೋಗಬೇಕು. ಶುರುವಿನ ನಿಯಮದಲ್ಲಿ ಶೇ. 60ಕ್ಕೆ ಕಮ್ಮಿ ಇಲ್ಲದಂತೆ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಮುಖ್ಯ ಕೆಲಸಗಳಿಗೇ ಇಡಬೇಕು ಅಂತಿತ್ತು.

ಅಂದರೆ ಇದು ದಾನವಲ್ಲ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಮಕ್ಕಳ ಹಕ್ಕಿನ ದುಡ್ಡು. ಬೀಗ ತೆಗೆದು ಲ್ಯಾಬ್ ನೋಡಿದ ದಿನ ಒಂದು ಸಿಪಿಯು ಮುಚ್ಚಳ ಬಿಚ್ಚಿ ನೋಡಿದೆವು. ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ದೂಳು ಬೆರಳು ಹಚ್ಚಿದರೆ ಮೆತ್ತಿಕೊಳ್ಳುವಷ್ಟು ದಪ್ಪ ಕೂತಿತ್ತು. ಹೀಟ್‌ಸಿಂಕಿನ ಸಂದುಗಳು ಪೂರ್ತಿ ಮುಚ್ಚಿಹೋಗಿದ್ದವು. ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಬಿಳಿ ಹಸಿರು ಪುಡಿ. ಮುಚ್ಚಳ ತಿರುಗಿಸಿ ಟಾರ್ಚ್ ಬಿಟ್ಟರೆ ಒಳಗೆ ನೀರೇ ಇಲ್ಲ, ಪ್ಲೇಟ್‌ಗಳು ಬರಿದಾಗಿ ನಿಂತಿದ್ದವು. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಯಾರದು ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಇಂಥ ನಿಧಿಗೂ ಗಡಿ ಇದೆ, ಬೇರೆ ಸರ್ಕಾರಿ ದುಡ್ಡಿಗೂ ಹಾಗೇ ಅನ್ನುವುದನ್ನು ಮರೆಯಬಾರದು. ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಡುವ ವಿಶೇಷ ಸೌಲಭ್ಯ ಅದಕ್ಕಿದೆ, ಅದರ ಪಕ್ಕದ ಜಗಳೂರಿಗೆ ಇಲ್ಲ. ದಾವಣಗೆರೆ ನಗರ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20ರ ಪಟ್ಟಿಗೆ ಬಂತು, ಆದರೆ ಸ್ಮಾರ್ಟ್ ಸಿಟಿ ದುಡ್ಡು ನಗರದ ಗೆರೆ ದಾಟಲಿಲ್ಲ. ಒಂದೇ ಪಠ್ಯಪುಸ್ತಕ, ಒಂದೇ ಎಸ್ಸೆಸ್ಸೆಲ್ಸಿ ಪರೀಕ್ಷೆ. ಆದರೂ ಯಾವ ಮಗುವಿಗೆ ಕಂಪ್ಯೂಟರ್ ಸಿಗುತ್ತದೆ ಅನ್ನುವುದು ಊರು ಯಾವ ಗಡಿಯೊಳಗಿದೆ ಅನ್ನುವುದರ ಮೇಲೆ ನಿಂತಿದೆ.

ಸಭೆ

ಎಸ್‌ಡಿಎಂಸಿ ಸಭೆ ಶನಿವಾರ ಮಧ್ಯಾಹ್ನ ಇತ್ತು. ಹೆಡ್‌ಮೇಡಂ ಪತ್ರ ಓದಿದರು. ಸುರಕ್ಷಿತ ಕೊಠಡಿ ಇದೆ, ವಿದ್ಯುತ್ ಸಂಪರ್ಕ ಇದೆ ಅಂತ ಬರೆದುಕೊಟ್ಟರೆ ಬೋರ್ಡ್ ತಂದು ಕೂರಿಸುತ್ತಾರೆ. ಮೇಡಂ ಅಭಿಪ್ರಾಯ ಸ್ಪಷ್ಟವಾಗಿತ್ತು. ಬಂದದ್ದನ್ನು ಬೇಡ ಅಂದರೆ ಮುಂದೆ ಏನೂ ಬರುವುದಿಲ್ಲ, ತಗೊಳ್ಳೋಣ.

ಅಧ್ಯಕ್ಷರು ಅಡಿಕೆ ಬೆಳೆಗಾರರು. ಅವರು ಬೇಡ ಅನ್ನಲಿಲ್ಲ, ಆದರೆ ಸುಮ್ನೆ ಒಪ್ಪಲೂ ಇಲ್ಲ. “ಮೇಡಂ, ಬೋರಿಗೆ ಮೋಟ್ರು ಇಳಿಸೋದು ದೊಡ್ಡದಲ್ಲ. ಸುಟ್ಟಾಗ ಎತ್ತಿಸಿ ರೀವೈಂಡಿಂಗ್ ಮಾಡಿಸೋಕೆ ಕೈಯಾಗೆ ದುಡ್ಡಿಲ್ಲ ಅಂದ್ರೆ ತೋಟ ಒಣಗ್ತೈತೆ. ಈ ಬೋರ್ಡು ಸುಟ್ರೆ ಯಾರು ಎತ್ತಿಸ್ತಾರೆ?”

ಅಲ್ಲಿದ್ದ ಒಬ್ಬ ತಾಯಿ, ಮಗಳು ಒಂಬತ್ತನೇ ಕ್ಲಾಸು, ಬೇರೆಯದೇ ಪ್ರಶ್ನೆ ಕೇಳಿದರು. ಬೋರ್ಡಿನ ಮುಂದೆ ಮೇಷ್ಟ್ರು ನಿಂತಿರ್ತಾರೆ, ಮಕ್ಕಳು ಕೂತು ನೋಡ್ತಾರೆ. ಮಕ್ಕಳ ಕೈಗೆ ಏನು ಸಿಗುತ್ತೆ? ಟಿವಿ ಮನೇಲೂ ಐತಲ್ಲ ಅಂದರು. ಸಭೆಯಲ್ಲಿ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ನನ್ನ ಮಟ್ಟಿಗೆ ಆವತ್ತಿನ ಅತಿ ಮುಖ್ಯ ಮಾತು ಅದು. ದೊಡ್ಡ ಪರದೆ ಶಿಕ್ಷಕರ ಸಾಧನ. ಕೀಬೋರ್ಡ್ ಮಕ್ಕಳದ್ದು. ಎರಡೂ ಬೇಕು, ಆದರೆ ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ.

ಕೊನೆಗೆ ಬೋರ್ಡಿನ ದುಡ್ಡಲ್ಲೇ ಸ್ವಲ್ಪ ಭಾಗ ಬ್ಯಾಟರಿಗೆ ಕೊಡಲು ಆಗುತ್ತದೆಯೇ ಅಂತ ಕೇಳೋಣ ಅಂತಾಯಿತು. ಪತ್ರ ನಾನು ಬರೆದೆ, ಅಧ್ಯಕ್ಷರು ಮತ್ತು ಮೇಡಂ ಸಂಬಂಧಪಟ್ಟ ಕಚೇರಿಗೆ ತಗೊಂಡು ಹೋದರು. ಅಲ್ಲಿಯ ಅಧಿಕಾರಿ ಇವರನ್ನು ಕೂರಿಸಿ ಸಮಾಧಾನದಿಂದಲೇ ಹೇಳಿದರಂತೆ. ಕ್ರಿಯಾ ಯೋಜನೆಯಲ್ಲಿ ಮಂಜೂರಾಗಿರುವುದು ಬೋರ್ಡ್ ಸರಬರಾಜು ಮತ್ತು ಅಳವಡಿಕೆ. ಎಲ್ಲ ಶಾಲೆಗೂ ಸೇರಿ ಒಂದೇ ಟೆಂಡರ್ ಆಗಿದೆ. ಒಂದು ಶಾಲೆಗೆ ಬ್ಯಾಟರಿ, ಇನ್ನೊಂದಕ್ಕೆ ವೈರಿಂಗ್, ಮತ್ತೊಂದಕ್ಕೆ ಕಂಪ್ಯೂಟರ್ ರಿಪೇರಿ ಅಂದರೆ ಅಷ್ಟೂ ಎಸ್ಟಿಮೇಟ್, ಅಷ್ಟೂ ಬಿಲ್, ಅಷ್ಟೂ ಆಡಿಟ್. ಬೋರ್ಡ್ ಆದರೆ ಎಣಿಸಿ ಸಹಿ ಹಾಕಬಹುದು.

ಆ ಅಧಿಕಾರಿ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದಕ್ಕೇ ಇದು ಗಂಭೀರ. ದುಡ್ಡು ಹೋಗುವ ದಾರಿ ಎಣಿಸಲು ಸುಲಭವಾದ ಸಾಮಾನಿನ ಕಡೆಗೇ ತಿರುಗಿಕೊಂಡಿದೆ. ರಿಪೇರಿಯನ್ನು ಎಣಿಸಲು ಬರುವುದಿಲ್ಲ, ಉದ್ಘಾಟನೆ ಮಾಡಲೂ ಬರುವುದಿಲ್ಲ.

ಅವರು ಮಾಡಿದ್ದು

ಬೋರ್ಡ್ ಒಪ್ಪಿಕೊಂಡರು. ಆದರೆ ಒಪ್ಪಿಗೆ ಪತ್ರದಲ್ಲೇ ಕೆಲವು ಮಾತು ಸೇರಿಸಿದರು. ಸೀರಿಯಲ್ ನಂಬರ್, ವಾರಂಟಿ ಕಾರ್ಡ್, ಸರ್ವಿಸ್‌ನವರ ಫೋನ್ ನಂಬರ್ ಶಾಲೆಯ ಕೈಗೆ ಕೊಡಬೇಕು ಅಂತ. ಸಣ್ಣ ವಿಷಯ ಅನಿಸಬಹುದು. ಹಳೆಯ ಲ್ಯಾಬ್‌ನ ವಾರಂಟಿ ಕಾಗದ ಶಾಲೆಯಲ್ಲಿ ಒಂದೂ ಇರಲಿಲ್ಲ.

ಬೋರ್ಡನ್ನು ಹತ್ತನೇ ತರಗತಿಯಲ್ಲಿ ಹಾಕಬೇಕು ಅಂತ ಸರಬರಾಜಿನವರ ಮಾತು. ಶಾಲೆಯವರು ಕಂಪ್ಯೂಟರ್ ಕೊಠಡಿಯಲ್ಲೇ ಹಾಕಿಸಿದರು. ಎರಡಕ್ಕೂ ಒಂದೇ ಯುಪಿಎಸ್, ಒಂದೇ ಬೀಗ, ಒಂದೇ ದೂಳು ಒರೆಸುವ ಪಾಳಿ. ಮಕ್ಕಳು ಆ ಕೊಠಡಿಗೆ ಬರುತ್ತಾರೆ.

ಬ್ಯಾಟರಿ ಮತ್ತು ವೈರಿಂಗ್‌ಗೆ ನೆರವು ಮೂರು ಕಡೆಯಿಂದ ಬಂತು. ಎರಡು ಬ್ಯಾಟರಿ ಸಂಯುಕ್ತ ಅನುದಾನದಲ್ಲಿ. ಆ ವರ್ಷ ಸುಣ್ಣಬಣ್ಣ ಮಾಡಿಸಲಿಲ್ಲ, ಯಾಕೆ ಅಂತ ನಡಾವಳಿಯಲ್ಲಿ ಬರೆದಿಟ್ಟರು. ಇನ್ನೆರಡನ್ನು ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಕೊಡಿಸಿದರು. ಕಂಪ್ಯೂಟರ್ ಮೇಡಂ ಹತ್ತಿರ ಕಲಿತವರೂ ಅವರಲ್ಲಿ ಇದ್ದರು. ಅರ್ಥಿಂಗ್ ಮತ್ತು ವೈರಿಂಗ್ ಕೆಲಸವನ್ನು ಗ್ರಾಮ ಪಂಚಾಯ್ತಿ ಮಾಡಿಸಿಕೊಟ್ಟಿತು. ಹಳೆಯ ಅರ್ಥಿಂಗ್ ಗುಂಡಿ ಒಣಗಿ ಎಷ್ಟು ಕಾಲವಾಗಿತ್ತೋ. ಅಷ್ಟು ವರ್ಷ ಕಂಪ್ಯೂಟರ್‌ಗಳು ಬದುಕಿದ್ದೇ ಹೆಚ್ಚು.

ಕಂಪ್ಯೂಟರ್‌ಗಳದ್ದು ಇನ್ನೊಂದು ಸಾಹಸ. ಚಿತ್ರದುರ್ಗದ ಒಬ್ಬ ರಿಪೇರಿ ಹುಡುಗನನ್ನು ಕರೆಸಿದರು. ಹತ್ತರಲ್ಲಿ ನಾಲ್ಕನ್ನು ಎಬ್ಬಿಸಬಹುದು ಅಂದ. ಆದರೆ ಉಳಿದ ಆರರ ಸಾಮಾನು ಬೇಕು. ಆಗ ಹೆಡ್‌ಮೇಡಂ ಧೈರ್ಯ ಮಾಡಿದರು. ಎಸ್‌ಡಿಎಂಸಿಯಲ್ಲಿ ಠರಾವು ಮಾಡಿಸಿ, ಪ್ರತಿ ಸಿಪಿಯು ಬಿಚ್ಚುವ ಮುಂಚೆ ಮತ್ತು ಬಿಚ್ಚಿದ ಮೇಲೆ ಫೋಟೊ ತೆಗೆಸಿ, ಯಾವ ನಂಬರಿನದು ಯಾವುದಕ್ಕೆ ಹೋಯಿತು ಅಂತ ದಾಸ್ತಾನು ವಹಿಯಲ್ಲೇ ಕೆಂಪು ಶಾಯಿಯಲ್ಲಿ ಬರೆದರು. ಒಂದು ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿದರು. ಬೇಡ ಅಂತ ಯಾರೂ ಬರೆಯಲಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದ ಮೇಲೆ ಆ ಹಳೆಯ ಯಂತ್ರಗಳೂ ಬೇಗ ಏಳುತ್ತವೆ. ವಿಂಡೋಸ್ ಬದಲು ಉಬುಂಟು ಅನ್ನುವ ಉಚಿತ ತಂತ್ರಾಂಶ ಹಾಕಿದರು, ಲೈಸೆನ್ಸ್ ಖರ್ಚಿಲ್ಲ. ಬಿಚ್ಚಿದ ಆರು ಡಬ್ಬಿಗಳು ಮಾತ್ರ ಇನ್ನೂ ಮೂಲೆಯಲ್ಲಿವೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ಗುಜರಿಗೆ ಹಾಕುವಂತಿಲ್ಲ. ರೈಟ್ ಆಫ್ ಆಗದೆ ಕೊಡುವಂತೆಯೂ ಇಲ್ಲ.

ಯುಡೈಸ್‌ನಲ್ಲಿ ಆ ವರ್ಷ ಇರುವುದು ಹತ್ತು, ನಡೆಯುವುದು ನಾಲ್ಕು ಅಂತ ತುಂಬಿದರು. ವಿವರಣೆ ಕೇಳಿ ಫೋನ್ ಬಂತು. ಠರಾವಿನ ಪ್ರತಿ ಕಳಿಸಿದರು. ಅಷ್ಟಕ್ಕೆ ಮುಗಿಯಿತು.

ಈಗ ಕೊಠಡಿಯಲ್ಲಿ

ವಿಜ್ಞಾನದ ಮೇಡಂ ಈಗ ಲ್ಯಾಬ್ ನೋಡಿಕೊಳ್ಳುತ್ತಾರೆ. ನಾಲ್ಕು ಕಂಪ್ಯೂಟರಿಗೆ ಅರ್ಧ ತರಗತಿ ಒಂದು ಸಲ, ಉಳಿದವರು ಬೋರ್ಡಿನ ಮುಂದೆ. ಅರ್ಧ ಪಿರಿಯಡ್ ಆದ ಮೇಲೆ ಅದಲು ಬದಲು. ನಾನು ಹೋದ ದಿನ ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಪಾಠ ನಡೆಯುತ್ತಿತ್ತು. ಎಂಟನೇ ಕ್ಲಾಸಿನ ಒಬ್ಬಳು ಮೌಸ್ ಹಿಡಿದು ಒಂದು ಮೂಲೆಯನ್ನು ಎಳೆದಳು. ತ್ರಿಭುಜ ಚಪ್ಪಟೆಯಾಯಿತು, ಉದ್ದವಾಯಿತು, ಪರದೆಯ ಆಚೆಯೇ ಹೋಯಿತು. ಕೋನಗಳು ಬದಲಾಗುತ್ತಿವೆ, ಮೊತ್ತ 180ರಲ್ಲೇ ಇದೆ. “ಎಷ್ಟು ಎಳೆದ್ರೂ ಕೆಡಲ್ಲ ಕಣೇ” ಅಂತ ಪಕ್ಕದವಳಿಗೆ ಹೇಳಿದಳು. ಪಕ್ಕದವಳು ನಂಬದೆ ತಾನೇ ಎಳೆದು ನೋಡಿದಳು. ದೊಡ್ಡ ಬೋರ್ಡಿನಲ್ಲಿ ಮೇಡಂ ಎಳೆದು ತೋರಿಸಿದ್ದರೆ ಹೌದು ಅಂತ ಬರೆದುಕೊಳ್ಳುತ್ತಿದ್ದರು, ಅಷ್ಟೇ. ಆ ತಾಯಿ ಸಭೆಯಲ್ಲಿ ಕೇಳಿದ್ದು ಇದನ್ನೇ.

ಕನ್ನಡ ಟೈಪಿಂಗ್ ಕೂಡ ನಡೆಯುತ್ತಿದೆ. ನುಡಿ ತಂತ್ರಾಂಶದಲ್ಲಿರುವ ಕೀಬೋರ್ಡ್ ವಿನ್ಯಾಸವೇ ಉಬುಂಟುವಿನಲ್ಲೂ ಸಿಗುತ್ತದೆ. ಒತ್ತಕ್ಷರ ಸಿಕ್ಕಾಗ ಮಕ್ಕಳಿಗೆ ಭಾರಿ ಖುಷಿ.

ಇಂಟರ್‌ನೆಟ್ ಇಲ್ಲ. ಪಂಚಾಯ್ತಿ ಕಚೇರಿವರೆಗೆ ಫೈಬರ್ ಬಂದಿದೆ, ಶಾಲೆಗೆ ಬಂದಿಲ್ಲ. ಸರ್ಕಾರದ ಆನ್‌ಲೈನ್ ಪಾಠಗಳ ತಾಣ ದೀಕ್ಷಾದಲ್ಲಿ ಪಾಠ ಬೇಕಾದಾಗ ವಿಜ್ಞಾನದ ಮೇಡಂ ತಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಡುತ್ತಾರೆ. ಆ ದುಡ್ಡು ಅವರ ಸಂಬಳದ್ದು. ಸರ್ಕಾರಿ ಶಾಲೆಗಳ ಡಿಜಿಟಲ್ ಪಾಠಕ್ಕೆ ನಿಜವಾಗಿ ದುಡ್ಡು ಹಾಕುತ್ತಿರುವವರಲ್ಲಿ ಇಂಥ ಶಿಕ್ಷಕರು ಬಹಳ ಮಂದಿ ಇದ್ದಾರೆ. ಯಾವ ಬಜೆಟ್ಟಿನಲ್ಲೂ ಅದು ಕಾಣುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲ ಜಿಲ್ಲೆ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಸಿಸಿಟಿವಿ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಕಲು ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಮಾತು ಬೇರೆ. ಪರೀಕ್ಷೆಯ ದಿನ ಕ್ಯಾಮೆರಾ ನಡೆಯಲೇಬೇಕು ಅಂತ ಎಲ್ಲರೂ ಓಡಾಡಿದರು. ಕರೆಂಟು, ಬ್ಯಾಕಪ್, ಇಂಟರ್‌ನೆಟ್ ಎಲ್ಲದಕ್ಕೂ ದಾರಿ ಹುಡುಕಿದರು. ಯಾಕೆಂದರೆ ಮೇಲೆ ಕೂತು ನೋಡುವವರು ಇದ್ದರು, ನಿಂತರೆ ತಕ್ಷಣ ಕೇಳುವವರಿದ್ದರು. ಮಗು ಕಲಿಯುವ ಕಂಪ್ಯೂಟರ್ ನಿಂತರೂ ಹೀಗೇ ಕೇಳುವವರು ಬೇಕು.

ಈಗ ಶಾಲೆ ಮುಂದಿರುವ ಆತಂಕ ಎರಡು. ವಿಜ್ಞಾನದ ಮೇಡಂ ಮುಂದಿನ ಸಲ ವರ್ಗಾವಣೆ ಕೌನ್ಸೆಲಿಂಗ್‌ಗೆ ಹೋಗಬಹುದು. ಹಾಗಾಗಿ ಕನ್ನಡದ ಮೇಡಂ ಈಗಿನಿಂದಲೇ ವಾರಕ್ಕೊಂದು ಪಿರಿಯಡ್ ಲ್ಯಾಬ್‌ನಲ್ಲಿ ತಗೊಳ್ಳುತ್ತಿದ್ದಾರೆ. ಬ್ಯಾಟರಿ ಮುಚ್ಚಳ ತೆಗೆದು ನೀರು ನೋಡುವುದನ್ನೂ ಕಲಿತಿದ್ದಾರೆ. ಎರಡನೆಯದು ಬೋರ್ಡಿನ ವಾರಂಟಿ ಮುಗಿದ ಮೇಲೆ ಏನು ಅನ್ನುವುದು. ಅದಕ್ಕೆ ಎಸ್‌ಡಿಎಂಸಿ ತನ್ನ ಖಾತೆಯಲ್ಲಿ ಬ್ಯಾಟರಿ ನಿಧಿ ಅಂತ ಬೇರೆ ಲೆಕ್ಕ ತೆರೆದಿದೆ. ಊರಿನವರು ಮಗುವಿನ ಹುಟ್ಟುಹಬ್ಬಕ್ಕೆ, ಮನೆಯ ಗೃಹಪ್ರವೇಶಕ್ಕೆ ನೂರು ಇನ್ನೂರು ಕೊಡುತ್ತಿದ್ದಾರೆ.

ಊರಿನವರು ಕೊಡುತ್ತಿರುವುದು ಅವರ ದೊಡ್ಡತನ. ಆದರೆ ಸರ್ಕಾರಿ ಶಾಲೆಯ ಬ್ಯಾಟರಿಗೆ ಕೂಲಿಯವರ ಮನೆಯ ನೂರು ರೂಪಾಯಿ ಯಾಕೆ ಬೇಕಾಗಬೇಕು? ಖನಿಜ ನಿಧಿಯ ಕ್ರಿಯಾ ಯೋಜನೆಯಲ್ಲಿ ಶಾಲಾ ತಂತ್ರಜ್ಞಾನದ ನಿರ್ವಹಣೆ ಅಂತ ಒಂದು ಸಾಲು ಸೇರಿಸಿ ಅಂತ ಎಸ್‌ಡಿಎಂಸಿ ಠರಾವು ಮಾಡಿದೆ. ಐದು ವರ್ಷ ದಾಟಿದ ಲ್ಯಾಬ್‌ಗಳಿಗೆ ವರ್ಷಕ್ಕೆ ಇಷ್ಟು ಅಂತ ನಿಗದಿಯಾದ ಮೊತ್ತ ಕೊಡಿ, ಹೊಸ ಸಾಮಾನೋ ಹಳೆಯದರ ರಿಪೇರಿಯೋ ಅನ್ನುವುದನ್ನು ಶಾಲೆಗೆ ಬಿಡಿ, ಕೆಟ್ಟ ಕಂಪ್ಯೂಟರ್ ರೈಟ್ ಆಫ್ ಮಾಡುವ ಅಧಿಕಾರವನ್ನು ತಾಲ್ಲೂಕು ಮಟ್ಟಕ್ಕೆ ಇಳಿಸಿ ಅಂತಲೂ ಅದರಲ್ಲಿದೆ. ಸಭೆಯಲ್ಲಿದ್ದ ಪೋಷಕರೆಲ್ಲರೂ ಸಹಿ ಹಾಕಿದ್ದಾರೆ. ಪತ್ರ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೂ ಜಿಲ್ಲಾಡಳಿತಕ್ಕೂ ಹೋಗಿದೆ, ಸ್ವೀಕೃತಿ ಸೀಲು ಬಿದ್ದ ಪ್ರತಿ ಶಾಲೆಯ ಕಡತದಲ್ಲಿದೆ. ಅಕ್ಕಪಕ್ಕದ ಶಾಲೆಗಳ ಎಸ್‌ಡಿಎಂಸಿಯವರು ಅದೇ ಪತ್ರವನ್ನು ತಮ್ಮ ಶಾಲೆಯ ಲೆಕ್ಕ ಸೇರಿಸಿ ಕಳಿಸಲು ಈಗ ಕೇಳಿಕೊಂಡು ಹೋಗಿದ್ದಾರೆ.